ನಡುಗಂಬ

ಮೇ 6

ಮಾವನವರಿಗೆ ನಿಮ್ಮ ಸೊಸೆಯ ನಮಸ್ಕಾರ.

ನಾವಿಬ್ಬರೂ ಕ್ಷೇಮ. ನಿಮ್ಮ ಮಂಡಿನೋವು ಈಗ ಹೇಗಿದೆ? ಫೋನು ಮಾಡದೆ ಕಾಗದ ಬರೆಯುತ್ತಿದ್ದಾಳಲ್ಲ ಅಂದುಕೊಳ್ಳಬೇಡಿ. ವಿಷಯ ಅಳತೆಯದು. ಫೋನಿನಲ್ಲಿ ನಾನು ಆರು ಅಂದರೆ ನೀವು 'ಯಾರು?' ಅಂತೀರಿ.

ಮನೆಯ ಪಕ್ಕದ ಖಾಲಿ ಜಾಗದಲ್ಲಿ ಗಾಡಿ ನಿಲ್ಲಿಸಲು ಒಂದು ಗ್ಯಾರೇಜು ಬೇಕು, ಮಾವ. ನೀವು ನಲವತ್ತು ವರ್ಷ ಊರೂರು ತಿರುಗಿ ಕಟ್ಟಿಕೊಟ್ಟಿರಲ್ಲ, ಬುನಾದಿ ಇಲ್ಲದೆ ನೆಲದಲ್ಲಿ ಕಂಬ ನೆಟ್ಟು, ಸುತ್ತ ಪಟ್ಟಿ ಹೊಡೆದು, ತಗಡು ಹೊದಿಸುವ ಶೆಡ್ಡು, ಅಂಥದ್ದು. ನಕ್ಷೆ ನೀವೇ ಬರೆದುಕೊಡಬೇಕು. ಬೇರೆಯವರನ್ನು ಕೇಳಿದರೆ ನಿಮಗೇ ಅವಮಾನ.

ನಾನು ಓಡಿಸುವ ಲಾಂಡ್ರಿ ವ್ಯಾನು ನಿಮಗೆ ಗೊತ್ತಲ್ಲ. ಸಂಜೆ ಆಸ್ಪತ್ರೆಗಳ ಒಗೆದ ಶೀಟುಗಳನ್ನು ತುಂಬಿಕೊಂಡು ಮನೆಗೆ ತರುತ್ತೇನೆ, ಬೆಳಿಗ್ಗೆ ಐದಕ್ಕೆ ಹೊರಡಬೇಕು. ವ್ಯಾನಿನ ಹಿಂಬಾಗಿಲ ರಬ್ಬರು ಸವೆದುಹೋಗಿದೆ. ಮಳೆ ಬಂದರೆ ಕೆಳಗಿನ ಎರಡು ಸಾಲು ಒದ್ದೆ. ಒಗೆದದ್ದನ್ನೇ ಮತ್ತೆ ಒಗೆಸಬೇಕು, ಮೇಲ್ವಿಚಾರಕಿಯ ಮುಖ ನೋಡಬೇಕು. ಈ ವರ್ಷ ನಾಲ್ಕು ಸಲ ಹೀಗಾಯಿತು. ಸುಸ್ತಾಗಿದೆ, ಮಾವ.

ಅಡುಗೆಮನೆಯ ಗೋಡೆಯಿಂದ ಬೇಲಿಗೆ ಮೂವತ್ತು ಅಡಿ. ರಸ್ತೆಯಿಂದ ಹಿಂದಕ್ಕೆ ನಲವತ್ತು. ನೆಲ ಬೇಲಿಯ ಕಡೆಗೆ ಸ್ವಲ್ಪ ಇಳಿಜಾರು.

ಇವರೂ ಎಷ್ಟೋ ವರ್ಷದಿಂದ ಕಟ್ಟಿಸೋಣ ಅನ್ನುತ್ತಲೇ ಇದ್ದರು. ಇವರಿಗೆ ಈಗ ಕೆಲಸದ ಓಡಾಟ ಜಾಸ್ತಿ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಇವರು ನಿಮಗೆ ನಮಸ್ಕಾರ ತಿಳಿಸಿದ್ದಾರೆ.

ನಿಮ್ಮ ಸೊಸೆ

*

ಮೇ 13

ಸೊಸೆಗೆ ಆಶೀರ್ವಾದ.

ಕಾಗದ ತಲುಪಿತು. ಎರಡು ಸಲ ಓದಿದೆ. ಶೆಡ್ಡು ಕಟ್ಟುವವನ ಸೊಸೆಯ ಗಾಡಿಗೇ ಸೂರಿಲ್ಲ ಅಂದರೆ ನಗುವವರು ನಗಲಿ, ತಪ್ಪು ನನ್ನದೇ. ಮಂಡಿಯ ವಿಷಯ ಕೇಳಬೇಡ. ಅದು ಈಗ ನನಗಿಂತ ಮೊದಲು ಮಳೆಯನ್ನು ತಿಳಿಯುತ್ತದೆ.

ನಕ್ಷೆಗೆ ಮುಂಚೆ ಒಂದು ಮಾತು ತಿಳಿಯಬೇಕು. ಗಾಡಿ ಒಂದೋ ಎರಡೋ? ಒಂದಾದರೆ ಹದಿನಾಲ್ಕು ಅಡಿ ಅಗಲ ಸಾಕು, ಮುಂದೆ ಒಂದೇ ಬಾಗಿಲು. ಎರಡಾದರೆ ಇಪ್ಪತ್ತನಾಲ್ಕು ಬೇಕು, ಎರಡು ಬಾಗಿಲು, ಅವುಗಳ ಮಧ್ಯೆ ಭಾರ ಹೊರಲು ಒಂದು ನಡುಗಂಬ. ಹಿಂದಕ್ಕೆ ಉದ್ದ ಎರಡಕ್ಕೂ ಇಪ್ಪತ್ತನಾಲ್ಕೇ. ನಡುಗಂಬ ಬೇಕೋ ಬೇಡವೋ ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಆಮೇಲೆ ತೆಗೆಯಲೂ ಆಗದು, ಸೇರಿಸಲೂ ಆಗದು.

ಗಾಡಿಯ ಅಳತೆ ಕಳಿಸುವಾಗ ಬಾಗಿಲು ತೆರೆದು ಅಳೆ. ಮುಚ್ಚಿದ ಗಾಡಿಗೆ ಶೆಡ್ಡು ಕಟ್ಟಿಸಿಕೊಂಡು, ಇಳಿಯಲಾರದೆ ಒಳಗೇ ಕೂತು ಹಾರನ್ ಹೊಡೆದ ಒಬ್ಬ ಡಾಕ್ಟರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾಲ್ಕು ಮೂಲೆಗೆ ಗೂಟ ಹೊಡೆದು ದಾರ ಕಟ್ಟು. ಮೂಲೆಯಿಂದ ಎದುರು ಮೂಲೆಗೆ ಅಳೆ. ಎರಡೂ ಕಡೆಯಿಂದ ಒಂದೇ ಲೆಕ್ಕ ಬಂದರೆ ಚೌಕ ಸರಿ. ಇದು ಒಬ್ಬರ ಕೆಲಸವಲ್ಲ. ದಾರದ ಇನ್ನೊಂದು ತುದಿ ಹಿಡಿಯಲು ಅವನನ್ನು ಕರೆ. ಎಷ್ಟೇ ಓಡಾಟವಿದ್ದರೂ ಒಂದು ಭಾನುವಾರ ಹೆಂಡತಿ ಜೊತೆ ದಾರ ಹಿಡಿದರೆ ಗಂಟೇನೂ ಹೋಗುವುದಿಲ್ಲ.

ಕಂಬ ನೆಡುವ ದಿನ ನಾನೇ ಬರುತ್ತೇನೆ. ಅವನಿಗೂ ಆಶೀರ್ವಾದ ತಿಳಿಸು.

*

ಮೇ 27

ಮಾವನವರಿಗೆ ನಮಸ್ಕಾರ.

ತಡವಾಯಿತು. ಎರಡು ಭಾನುವಾರವೂ ಕೆಲಸವಿತ್ತು. ಮೊನ್ನೆ ಗೂಟ ಹೊಡೆದೆವು. ಇವರು ಆ ತುದಿ ಹಿಡಿದುಕೊಂಡರು, ನಾನು ಈ ತುದಿ. ಒಂದು ಮೂಲೆಯಿಂದ ಮೂವತ್ತಮೂರು ಅಡಿ ಹನ್ನೊಂದು ಅಂಗುಲ ಬಂತು, ಇನ್ನೊಂದರಿಂದ ಮೂವತ್ತನಾಲ್ಕು ಅಡಿ ಎರಡು ಅಂಗುಲ. ಮೂರು ಸಲ ಹೊಡೆದು ಕಿತ್ತು ಹೊಡೆದರೂ ಅಷ್ಟೇ. ಬೆನ್ನು ನೆಟ್ಟಗಾಗಲಿಲ್ಲ, ಹಾಗಾಗಿ ಬಿಟ್ಟೆವು.

ಗಾಡಿ ಎರಡು. ನಡುಗಂಬ ಇರಲಿ.

ವ್ಯಾನು ಹದಿನೇಳು ಅಡಿ ಉದ್ದ, ಎತ್ತರ ಎಂಟು ಅಡಿ ಎರಡು ಅಂಗುಲ. ಎರಡೂ ಬಾಗಿಲು ತೆರೆದರೆ ಅಗಲ ಹನ್ನೊಂದು. ಇವರ ಕಾರು ಹದಿನಾರು ಅಡಿ ಉದ್ದ. ಬಾಗಿಲು ತೆರೆದ ಅಳತೆ ತೆಗೆಯಲಾಗಲಿಲ್ಲ, ಇವರು ಅವಸರದಲ್ಲಿ ಹೊರಟುಬಿಟ್ಟರು.

ನೆಲಕ್ಕೆ ಕಾಂಕ್ರೀಟು ಈಗಲೇ ಬೇಕಾ, ಜಲ್ಲಿ ಹಾಕಿದರೆ ನಡೆಯುತ್ತದಾ? ಮಳೆಗಾಲ ಹತ್ತಿರ ಬಂತು. ನನಗೆ ಒಮ್ಮೊಮ್ಮೆ ವ್ಯಾನಿನೊಳಗೆ, ಆ ಬಿಳಿ ಗಂಟುಗಳ ಮೇಲೆ, ಹಾಗೇ ಬಿದ್ದು ಎರಡು ದಿನ ಮಲಗಬೇಕು ಅನ್ನಿಸುತ್ತದೆ.

ನಿಮ್ಮ ಸೊಸೆ

*

ಜೂನ್ 5

ಸೊಸೆಗೆ ಆಶೀರ್ವಾದ.

ನಕ್ಷೆ ಈ ಕಾಗದದ ಜೊತೆಗಿದೆ. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು. ಎರಡು ಪಕ್ಕಕ್ಕೂ ಎಂಟೆಂಟು ಅಡಿಗೆ ಒಂದರಂತೆ ನಾಲ್ಕು ನಾಲ್ಕು ಕಂಬ, ಹಿಂದೆ ಮಧ್ಯೆ ಎರಡು, ಮುಂದೆ ನಡುಗಂಬ ಒಂದು, ಒಟ್ಟು ಹನ್ನೊಂದು. ಗುಂಡಿ ನಾಲ್ಕು ಅಡಿ ಆಳ. ತಳಕ್ಕೆ ಒಂದು ಗೇಣು ಜಲ್ಲಿ ಹಾಕಬೇಕು, ಕಂಬದ ಬುಡ ನೀರಲ್ಲಿ ನಿಲ್ಲಬಾರದು. ಕಂಬದ ತಲೆಗಳನ್ನು ಮೊದಲೇ ಕತ್ತರಿಸಿ ಸಮ ಮಾಡಬೇಡ. ನೆಟ್ಟ ಮೇಲೆ ಒಂದೇ ದಾರ ಹಿಡಿದು ಕತ್ತರಿಸುವುದು. ನೆಲ ಇಳಿಜಾರಿದೆಯಲ್ಲ, ಅದಕ್ಕೆ. ವ್ಯಾನಿನ ಎತ್ತರಕ್ಕೆ ಬಾಗಿಲು ಒಂಬತ್ತು ಅಡಿ ಇಟ್ಟಿದ್ದೇನೆ. ನೆಲಕ್ಕೆ ಸದ್ಯ ಜಲ್ಲಿ ಸಾಕು.

ನಿನ್ನ ಚೌಕ ಮೂರು ಅಂಗುಲ ಸೊಟ್ಟ. ಆ ತುದಿ ಹಿಡಿದವನ ಕೈ ಸಡಿಲ ಎಂದು ಕಾಣುತ್ತದೆ. ನಾನು ಬಂದಾಗ ಸರಿಮಾಡೋಣ.

ಇನ್ನೊಂದು ವಿಷಯ. ಕಾರು ಹದಿನಾರು ಅಡಿ ಎಂದು ಬರೆದಿದ್ದೀಯ. ಅದು ತಪ್ಪು. ಹದಿನಾಲ್ಕು ಅಡಿ ಒಂಬತ್ತು ಅಂಗುಲ. ಹಿಂದಿನ ಬಂಪರಿಗೆ ಪೆಟ್ಟು ಬಿದ್ದು ಒಳಗೆ ಹೋಗಿರುವುದರಿಂದ ಅರ್ಧ ಅಂಗುಲ ಕಡಿಮೆಯೇ ಇದೆ. ಎರಡು ಸಲ ಅಳೆದೆ. ಬಾಗಿಲು ತೆರೆದರೆ ಹನ್ನೊಂದೂಕಾಲು. ಹೀಗಾಗಿ ಕಾರಿನ ಹಿಂದೆ ಒಂದು ಮೇಜು ಹಾಕುವಷ್ಟು ಜಾಗ ಉಳಿಯುತ್ತದೆ. ಶೀಟಿನ ಗಂಟುಗಳನ್ನು ಅಲ್ಲಿ ಇಟ್ಟುಕೊಳ್ಳಬಹುದು.

ಮರ ಎಲ್ಲಿ ತರುವುದು ಎಂದು ತಿಳಿಸುತ್ತೇನೆ. ನೀನು ಗುಂಡಿಗೆ ಕೈ ಹಾಕಬೇಡ.

*

ಜೂನ್ 24

ಸೊಸೆಗೆ ಆಶೀರ್ವಾದ.

ನಕ್ಷೆ ತಲುಪಿತೋ ಇಲ್ಲವೋ? ಮೂರು ವಾರವಾಯಿತು. ಎರಡು ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ. ಕೆಲಸದಲ್ಲಿ ಇದ್ದೆಯೇನೋ.

ಇಲ್ಲಿ ದಿನಾ ಮಳೆ. ಅಲ್ಲಿಯೂ ಇರಬೇಕು. ಶೀಟುಗಳು ಏನಾದವು? ಹಿಂಬಾಗಿಲಿಗೆ ಸದ್ಯ ಒಂದು ಹಳೆಯ ಟಾರ್ಪಾಲು ಕಟ್ಟಿಕೋ.

ಬಾಗಿಲಿನ ಎತ್ತರ ಹೆಚ್ಚಾಯಿತು ಅನ್ನಿಸಿದರೆ ಹೇಳು, ಇಳಿಸಬಹುದು. ಬೇರೆ ಏನಾದರೂ ತಪ್ಪಿದ್ದರೂ ಹೇಳು.

*

ಜುಲೈ 9

ಮಾವ,

ಬಂಪರಿಗೆ ಪೆಟ್ಟು ಯಾವಾಗ ಬಿತ್ತು?

ಆ ಕಾರು ಮಾರ್ಚ್ ಹದಿನಾಲ್ಕರಂದು ನನ್ನ ಮನೆಯ ಮುಂದಿನಿಂದ ಹೊರಟಾಗ ಬಂಪರು ನೆಟ್ಟಗಿತ್ತು. ಆಮೇಲೆ ನಾನು ಅದನ್ನು ನೋಡಿಲ್ಲ. ನೀವು ಎರಡು ಸಲ ಅಳೆದಿದ್ದೀರಿ. ಬಾಗಿಲು ತೆರೆದೂ ಅಳೆದಿದ್ದೀರಿ. ನಿಮ್ಮ ಕಾಗದ ಹಿಡಿದು ವ್ಯಾನಿನಲ್ಲಿ ಎಷ್ಟು ಹೊತ್ತು ಕೂತಿದ್ದೆನೋ, ಹಿಂದಿನ ಗಾಡಿಯವರು ಹಾರನ್ ಹೊಡೆದ ಮೇಲೆ ಹೊರಟೆ.

ಹಾಗಾದರೆ ನಿಮ್ಮ ಮಗ ನಿಮ್ಮ ಮನೆಯಲ್ಲಿದ್ದಾರೆ. ಮೊದಲಿನಿಂದಲೂ ಇದ್ದಾರೆ. ನಾನು 'ನಾವಿಬ್ಬರೂ ಕ್ಷೇಮ' ಎಂದು ಬರೆದದ್ದನ್ನು ಓದುವಾಗ ನಿಮಗೆ ಹೇಗೆ ಅನ್ನಿಸಿತು? ನಕ್ಕಿರಾ? ದಾರ ಹಿಡಿಯಲು ಅವನನ್ನು ಕರೆ ಎಂದು ಬರೆದಿರಲ್ಲ, ಅದನ್ನು ಬರೆಯಲು ನಿಮಗೆ ಕೈ ಹೇಗೆ ಬಂತು, ಮಾವ? ಆ ದಾರದ ತುದಿಯನ್ನು ನಾನು ಕಲ್ಲು ತುಂಬಿದ ಬಕೆಟ್ಟಿಗೆ ಕಟ್ಟಿದ್ದೆ. ಎಳೆದಾಗಲೆಲ್ಲ ಬಕೆಟ್ಟು ಜರುಗುತ್ತಿತ್ತು. ಮೂರು ಅಂಗುಲ ಸೊಟ್ಟ ಬಂದದ್ದು ಹಾಗೆ. ಕಾರು ಇಲ್ಲದ ಮೇಲೆ ಏನನ್ನು ಅಳೆಯಲಿ? ಅದು ನಿಂತು ನಿಂತು ಹುಲ್ಲು ಸತ್ತ ಜಾಗವನ್ನು ಅಳೆದೆ, ಹದಿನಾರು ಅಡಿ ಬಂತು.

ಜಗಳ ಆಗಿರಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು. ಹನ್ನೊಂದು ವರ್ಷ, ನಾನು ಏಳುವಾಗ ಅವರು ಮಲಗುತ್ತಿದ್ದರು, ಅವರು ಬರುವಾಗ ನಾನು ಹೊರಡುತ್ತಿದ್ದೆ. ಒಂದೇ ಮನೆಯಲ್ಲಿ ಎರಡು ಪಾಳಿ. ಒಂದು ದಿನ "ಸಾಕಾಗಿದೆ" ಅಂದರು. ನನಗೂ ಸಾಕಾಗಿತ್ತು. ಅದಕ್ಕೇ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ.

ನಿಮಗೆ ಏಕೆ ಸುಳ್ಳು ಬರೆದೆ ಎಂದು ಹೇಳಿಬಿಡುತ್ತೇನೆ. ನನ್ನ ಕಡೆ ಹಿರಿಯರು ಅಂತ ಯಾರೂ ಉಳಿದಿಲ್ಲ, ನಿಮಗೆ ಗೊತ್ತು. ಗಂಡ ಹೋದರೆ ಹೋಗಲಿ, ಮಾವನೂ ಹೋಗುತ್ತಾರೆ ಎಂದು ಹೆದರಿದೆ. ಎರಡು ಗಾಡಿ ಎಂದು ಬರೆಯುವವರೆಗೆ ನೀವು ನನ್ನ ಮಾವ. ಒಂದು ಎಂದು ಬರೆದರೆ ನೀವು ಯಾರೋ, ನಾನು ಯಾರೋ.

ಗ್ಯಾರೇಜು ಬೇಡ. ನಕ್ಷೆಯನ್ನು ವಾಪಸ್ ಕಳಿಸಿದ್ದೇನೆ.

*

ಜುಲೈ 17

ಸೊಸೆಗೆ,

ಆಶೀರ್ವಾದ ಎಂದು ಬರೆಯಲು ನಾಚಿಕೆಯಾಗುತ್ತಿದೆ. ನಕ್ಷೆ ಬಂತು. ಮಡಿಕೆ ಕೂಡ ಸರಿಯಾಗಿ ಮಡಿಚಿ ಕಳಿಸಿದ್ದೀಯ.

ನಾನು ನಗಲಿಲ್ಲ. ಅದನ್ನು ಮೊದಲು ನಂಬು.

ಅವನು ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಎರಡು ಚೀಲ ಹಿಡಿದು ಬಂದ. ನಾಲ್ಕು ದಿನ ಇರುತ್ತೇನೆ, ಅವಳಿಗೆ ಹೇಳಬೇಡ ಅಂದ. ಬಂಪರು ದಾರಿಯಲ್ಲಿ ಪೆಟ್ರೋಲು ಬಂಕಿನ ಕಂಬಕ್ಕೆ ಗುದ್ದಿದ್ದಂತೆ. ಕಂಬ ನೆಡುವವನ ಮಗ ಬೇರೆ. ನಾಲ್ಕು ದಿನ ಎಂಟು ವಾರವಾಯಿತು. ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಕೂರುತ್ತಿದ್ದ, ಗಡ್ಡ ಕೂಡ ಹೆರೆಯುತ್ತಿರಲಿಲ್ಲ. ಅಷ್ಟರಲ್ಲಿ ನಿನ್ನ ಮೊದಲನೆಯ ಕಾಗದ ಬಂತು. 'ನಾವಿಬ್ಬರೂ ಕ್ಷೇಮ'. ಆ ಇಬ್ಬರಲ್ಲಿ ಒಬ್ಬ ಎದುರಿಗೇ ಊಟಕ್ಕೆ ಕೂತಿದ್ದ. ನಾನು ಗಟ್ಟಿಯಾಗಿ ಓದಿದೆ. 'ಇವರು ನಿಮಗೆ ನಮಸ್ಕಾರ ತಿಳಿಸಿದ್ದಾರೆ' ಎಂಬಲ್ಲಿಗೆ ಬಂದಾಗ ಅವನು ತಟ್ಟೆ ಬಿಟ್ಟು ಎದ್ದುಹೋದ.

ಆ 'ಇವರು' ಎಂಬ ಪದ ನನ್ನನ್ನು ಹಿಡಿದುಹಾಕಿತು, ಸೊಸೆ. ದೂರ ಹೋದವನನ್ನು ಯಾರೂ ಇವರು ಅನ್ನುವುದಿಲ್ಲ, ಅವರು ಅನ್ನುತ್ತಾರೆ. ನೀನು ಇನ್ನೂ ಇವರು ಎನ್ನುತ್ತಿದ್ದೀಯ ಅಂದರೆ ನಿನ್ನ ಮನಸ್ಸಿನಲ್ಲಿ ಅವನು ಆ ಮನೆಯೊಳಗೇ ಇದ್ದಾನೆ ಅಂದುಕೊಂಡೆ. ಎರಡು ಗಾಡಿಗೆ ಜಾಗ ಮಾಡಿಬಿಟ್ಟರೆ ಎರಡನೆಯದು ತಾನಾಗಿ ಬಂದು ನಿಲ್ಲುತ್ತದೆ ಎಂದು ಮುದಿಬುದ್ಧಿ ಲೆಕ್ಕ ಹಾಕಿತು. ನಡುಗಂಬ ಬೇಕಾಗಿದ್ದದ್ದು ನಿನಗಲ್ಲ, ನನಗೆ. ದಾರ ಹಿಡಿಯಲು ಅವನನ್ನು ಕರೆ ಎಂದು ಬರೆದದ್ದೂ ಅದಕ್ಕೇ. ನೀನು ನಿಜ ಬಾಯಿಬಿಡುತ್ತೀಯ, ನಾನು ಮಾತಿಗೆ ಮಾತು ಸೇರಿಸಿ ಅವನನ್ನು ಕಳಿಸುತ್ತೇನೆ ಎಂದಿದ್ದೆ. ನೀನು ಬಾಯಿಬಿಡಲಿಲ್ಲ. ನಾನೂ ಬಿಡಲಿಲ್ಲ. ಇಬ್ಬರೂ ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕುಗಳೇ. ಆದರೆ ನಾನು ಹಿರಿಯ ಬೆಕ್ಕು, ತಪ್ಪು ನನ್ನದು ದೊಡ್ಡದು.

ಕಾರಿನ ಅಳತೆಯ ವಿಷಯ ಹೇಳಿದರೆ ನಗುತ್ತೀಯ. ನಿನ್ನ ಹದಿನಾರು ಅಡಿ ನನಗೆ ಒಪ್ಪಿಗೆಯಾಗಲಿಲ್ಲ. ಕಾರು ಅಂಗಳದಲ್ಲಿತ್ತು, ಟೇಪು ಜೇಬಿನಲ್ಲಿತ್ತು. ತಪ್ಪು ಅಳತೆ ಕಂಡರೆ ತಿದ್ದದೆ ಇರಲಾರೆ. ಬರೆಯುವಾಗ ಯಾರ ಕಾರು, ಎಲ್ಲಿದೆ, ಯಾರಿಗೆ ಹೇಳಬಾರದು ಎಂಬುದು ಒಂದೂ ನೆನಪಿಗೆ ಬರಲಿಲ್ಲ.

ನಿನ್ನ ಕಾಗದ ಓದಿದ ದಿನ ಅವನನ್ನು ಕೂರಿಸಿ ಕೇಳಿದೆ. ಸುತ್ತಿ ಬಳಸಿ ಕೇಳಲಿಲ್ಲ. ಹೋಗ್ತೀಯಾ ಇಲ್ಲವಾ ಅಂದೆ. "ಇಲ್ಲಪ್ಪ, ಹೋಗಲ್ಲ. ಅವಳೂ ಕಾಯ್ತಿಲ್ಲ" ಅಂದ.

ಇದನ್ನು ಬರೆಯಲು ಮೂರು ದಿನ ಬೇಕಾಯಿತು. ಆದರೆ ತಪ್ಪು ಅಳತೆ ಕೊಟ್ಟು ಕಂಬ ನೆಡಿಸುವವನು ನಾನಲ್ಲ. ಹೊಟ್ಟೆಗೆ ಹಾಕಿಕೋ.

ಈ ಕಾಗದದ ಕೆಳಗೆ ಏನೆಂದು ಸಹಿ ಮಾಡಬೇಕೋ ತೋಚಲಿಲ್ಲ. ಹಾಗೇ ಬಿಟ್ಟಿದ್ದೇನೆ.

*

ಆಗಸ್ಟ್ 2

ಮಾವ,

ಬೇರೆ ಏನೆಂದು ಕರೆಯಬೇಕೋ ಗೊತ್ತಾಗದೆ ಹೀಗೇ ಬರೆದಿದ್ದೇನೆ. ತಪ್ಪಾದರೆ ಹೊಡೆದುಹಾಕಿಕೊಳ್ಳಿ.

ನಿಮ್ಮ ಕಾಗದವನ್ನು ಐದು ದಿನ ಓದದೆ ಇಟ್ಟಿದ್ದೆ. ಓದಿದ ಮೇಲೆ ಅತ್ತೆ. ಆಮೇಲೆ ಎದ್ದು ಅಕ್ಕಿ ತೊಳೆದೆ. ನಿಮ್ಮ ಮಗ ಹೇಳಿದ್ದು ನಿಜ. ನಾನು ಕಾಯುತ್ತಿಲ್ಲ. 'ಇವರು' ಅನ್ನುತ್ತಿದ್ದದ್ದು ಪ್ರೀತಿಗಲ್ಲ, ಬರಿ ಬಾಯಿ ರೂಢಿ. ಕೆಲಸದಲ್ಲಿಯೂ ಹಾಗೇ ಬರುತ್ತಿತ್ತು. ಹೋದ ವಾರ ಮೇಲ್ವಿಚಾರಕಿ ನಿಮ್ಮ ಯಜಮಾನರು ಎಲ್ಲಿ ಎಂದು ಕೇಳಿದಳು. ಅವರು ಈಗ ಇಲ್ಲಿಲ್ಲ ಅಂದೆ. ಅಷ್ಟೇ ಮಾತು. ಅವಳು ಒಂದು ಲೋಟ ಚಹಾ ತಂದು ಮುಂದೆ ಇಟ್ಟಳು. ಆ ಹೆಂಗಸನ್ನು ನಾನು ಇಷ್ಟು ದಿನ ಕಲ್ಲು ಅಂದುಕೊಂಡಿದ್ದೆ.

ನಿಮ್ಮ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಸ್ವಲ್ಪ ಇದೆ. ಇಟ್ಟುಕೊಳ್ಳಲೂ ಶಕ್ತಿ ಬೇಕಲ್ಲ, ಅದಿಲ್ಲ.

ಸೋಮವಾರ ಐದನೆಯ ಸಲ ಶೀಟು ನೆನೆದವು. ಟಾರ್ಪಾಲು ಗಾಳಿಗೆ ಹಾರಿಹೋಗಿತ್ತು. ಮಳೆಯಲ್ಲಿ ನಿಂತು ಆ ಗಂಟುಗಳನ್ನು ಇಳಿಸುವಾಗ ಬೇಲಿಯ ಕಡೆಯ ಗೂಟಗಳು ಕಣ್ಣಿಗೆ ಬಿದ್ದವು. ಕಿತ್ತು ಹತ್ತು ಅಡಿ ಈಚೆಗೆ ಹೊಡೆದೆ. ಈಗ ಅಗಲ ಹದಿನಾಲ್ಕು. ಗಾಡಿ ಒಂದೇ, ಮಾವ. ನಡುಗಂಬ ಬೇಡ.

ಕಂಬ ನೆಡಲು ಬರುತ್ತೇನೆ ಅಂದಿದ್ದಿರಿ. ಅದು ನಿಮ್ಮ ಮಗನ ಮನೆಗೆ ಅಂದ ಮಾತು. ಈಗ ಕೇಳುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಆದರೂ ಕೇಳುತ್ತಿದ್ದೇನೆ. ಬರುತ್ತೀರಾ?

ಆಗುವುದಿಲ್ಲ ಅಂದರೆ ನಕ್ಷೆ ಮಾತ್ರ ಕಳಿಸಿ. ಬೇಜಾರು ಮಾಡಿಕೊಳ್ಳುತ್ತೇನೆ, ಆದರೆ ತಪ್ಪು ತಿಳಿಯುವುದಿಲ್ಲ.

*

ಆಗಸ್ಟ್ 10

ಸೊಸೆಗೆ ಆಶೀರ್ವಾದ.

ಶನಿವಾರ ಹನ್ನೊಂದರ ಬಸ್ಸಿಗೆ ಬರುತ್ತೇನೆ. ಟೇಪು, ರಸಮಟ್ಟ, ತೂಗುಗುಂಡು ಮೂರನ್ನೂ ಚೀಲಕ್ಕೆ ಹಾಕಿಯಾಯಿತು. ಮರ ಶುಕ್ರವಾರವೇ ಬಂದು ಬೀಳುತ್ತದೆ, ನೀನು ಕೆಲಸದಲ್ಲಿದ್ದರೆ ರಸ್ತೆಯ ಪಕ್ಕ ಇಳಿಸಿ ಹೋಗಲು ಹೇಳಿದ್ದೇನೆ. ಹದಿನಾಲ್ಕಕ್ಕೆ ಇಪ್ಪತ್ತನಾಲ್ಕು, ಒಟ್ಟು ಒಂಬತ್ತು ಕಂಬ, ಮುಂದೆ ಒಂದೇ ಅಗಲ ಬಾಗಿಲು. ಮೊದಲಿನದಕ್ಕಿಂತ ಇದೇ ಒಳ್ಳೆಯ ನಕ್ಷೆ. ಮೊದಲೇ ಇದನ್ನು ಬರೆಯಬೇಕಾಗಿತ್ತು.

ಒಂದು ಮಾತು ಮುಂಚೆಯೇ ಹೇಳುತ್ತೇನೆ. ನಾನು ಮೊದಲಿನ ಹಾಗಿಲ್ಲ. ಗುಂಡಿಗೆ ಇಳಿಯಲಾರೆ, ಕಂಬ ಎತ್ತಲಾರೆ. ಕುರ್ಚಿ ಹಾಕಿಕೊಂಡು ಕೂತು ಎಡಕ್ಕೆ, ಬಲಕ್ಕೆ, ಸಾಕು ಎಂದು ಕೂಗಬಲ್ಲೆ. ಎತ್ತಲು ನಿನ್ನ ಲಾಂಡ್ರಿಯವರು ಇಬ್ಬರು ಸಿಕ್ಕರೆ ಕೇಳು. ಒಂಬತ್ತು ಕಂಬಕ್ಕೆ ನನ್ನ ಕೈಯಲ್ಲಿ ನಾಲ್ಕು ದಿನ ಹಿಡಿಯುತ್ತದೆ, ಅಷ್ಟು ದಿನ ನಿನ್ನ ಅಡುಗೆ ನನಗೆ, ನನ್ನ ಗೊಣಗಾಟ ನಿನಗೆ.

ಹೊಸ ನಕ್ಷೆ ಬರೆಯುತ್ತಿದ್ದಾಗ ಮಗ ಪಕ್ಕದಲ್ಲಿ ಬಂದು ನಿಂತ. ನಕ್ಷೆಯ ಮೂಲೆಯಲ್ಲಿ ಯಾರ ಮನೆ ಎಂದು ಬರೆಯುವುದು ನಮ್ಮ ಕಸುಬಿನ ರೂಢಿ. ನಿನಗೆ ಮೊದಲು ಕಳಿಸಿದ್ದರಲ್ಲಿ ಅವನ ಹೆಸರಿತ್ತು. ಇದರಲ್ಲಿ 'ಸೊಸೆಯ ಮನೆ' ಎಂದು ಬರೆದೆ. ಅವನು ಅದನ್ನೇ ನೋಡುತ್ತಾ ನಿಂತ. ಸಿಟ್ಟೇನೂ ಇರಲಿಲ್ಲ, ಅವನೂ ದಣಿದಿದ್ದಾನೆ. "ಈಗ ಹೇಗಪ್ಪಾ ಸೊಸೆ ಅಂತ ಬರೀತೀಯ?" ಅಂದ.

"ನೀನು ಗಂಡ ಆಗಿರೋದನ್ನ ಬಿಟ್ಟೆ ಕಣೋ," ಅಂದೆ. "ನಾನು ಮಾವ ಆಗಿರೋದನ್ನ ಯಾವಾಗ ಬಿಟ್ಟೆ?"

ನಿನ್ನ ಮಾವ